ಆಂಟಾಪ್ ಹಿಲ್‌ನಲ್ಲೊಬ್ಬ ಯಯಾತಿ

2023ರಲ್ಲಿ ಅಮೆರಿಕದ ಸಿರಿವಂತ ಉದ್ಯಮಿ ಬ್ರಯಾನ್ ಜಾನ್ಸನ್ ಹದಿಹರೆಯದ ಮಗನ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾವನ್ನು ತನ್ನ ಮೈಗೆ ಏರಿಸಿಕೊಂಡ. ತನ್ನ ಪ್ಲಾಸ್ಮಾವನ್ನು ಎಪ್ಪತ್ತರ ತಂದೆಗೆ ಕೊಟ್ಟ. ತನಗೇನೂ ಲಾಭ ಕಾಣಲಿಲ್ಲವೆಂದು ಬಳಿಕ ಅವನೇ ಹೇಳಿ ಅದನ್ನು ಕೈಬಿಟ್ಟ. ಆದರೆ ಮುಪ್ಪು ತಡೆಯಲು ಮಗನತ್ತ ಕೈಚಾಚುವ ತಂದೆ ಕನ್ನಡದ ಓದುಗರಿಗೆ ಹಳೆಯ ಪರಿಚಯ. ಶುಕ್ರಾಚಾರ್ಯರ ಶಾಪದಿಂದ ಮುದುಕನಾದ ರಾಜ ಯಯಾತಿಯ ಮುಪ್ಪು ಪಡೆದು ತಮ್ಮ ಯೌವನ ಕೊಡಲು ನಾಲ್ವರು ಮಕ್ಕಳು ಒಲ್ಲೆ ಎಂದರು, ಕಿರಿಯ ಪುರು ಒಪ್ಪಿದ. ಗಿರೀಶ ಕಾರ್ನಾಡರು 1961ರಲ್ಲಿ ತಮ್ಮ ಮೊದಲ ನಾಟಕ ಕಟ್ಟಿದ್ದು ಇದೇ ಕಥೆಯ ಮೇಲೆ. ಕನ್ನಡದ ಅಭಿಜಾತ ನಾಟಕವೊಂದರಿಂದ ವೈಜ್ಞಾನಿಕ ಕಾದಂಬರಿ ಹುಟ್ಟುವುದಾದರೆ ‘ಯಯಾತಿ’ಯಷ್ಟು ಫಲವತ್ತಾದ ನೆಲ ಇನ್ನೊಂದು ಸಿಗುವುದು ಕಷ್ಟ. ಆದರೆ ಅದನ್ನು ಬರೆಯುವವರು ಕಥೆಯ ಚೌಕಟ್ಟನ್ನು ಬಿಟ್ಟು, ಒಬ್ಬ ಪಡೆದ ಯೌವನದ ಬೆಲೆಯನ್ನು ಯಾರು ಎಷ್ಟು ಕಾಲ ತೆರುತ್ತಾರೆ ಎಂಬ ಲೆಕ್ಕವನ್ನು ಕೈಗೆತ್ತಿಕೊಳ್ಳಬೇಕು.

ಆ ಲೆಕ್ಕವನ್ನು ಮೊದಲು ತೆರೆದವರು ಕಾರ್ನಾಡರೇ. ಮಹಾಭಾರತದಲ್ಲಿ ಪುರುವಿನ ತ್ಯಾಗಕ್ಕೆ ಮೆಚ್ಚುಗೆಯಿದೆ, ಕೊನೆಗೆ ರಾಜ್ಯವೂ ಸಿಗುತ್ತದೆ. ನಾಟಕದಲ್ಲಿ ಕಾರ್ನಾಡರು ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ಸೃಷ್ಟಿಸಿದರು. ಹೊಸದಾಗಿ ಮನೆ ತುಂಬಿದವಳ ಎದುರಿಗೆ ಗಂಡ ಮುದುಕನಾಗಿ ನಿಲ್ಲುತ್ತಾನೆ. ಅಪ್ಪ ಮಗ ಮಾಡಿಕೊಂಡ ಒಪ್ಪಂದದಲ್ಲಿ ಅವಳನ್ನು ಕೇಳಿದವರೇ ಇಲ್ಲ. ಅವಳು ವಿಷ ಕುಡಿದು ಸಾಯುತ್ತಾಳೆ, ಯಯಾತಿ ಮುಪ್ಪನ್ನು ಹಿಂದಕ್ಕೆ ಪಡೆಯುತ್ತಾನೆ. ಪುರಾಣದಲ್ಲಿ ಸಾವಿರ ವರ್ಷ ನಡೆದ ವಿನಿಮಯ ರಂಗದ ಮೇಲೆ ಅರಮನೆಯ ಗೋಡೆಗಳೊಳಗೆ ಬಹುಬೇಗ ಮುಗಿದುಹೋಗುತ್ತದೆ. ನಾಟಕಕ್ಕೆ ಆ ಬಿಗಿ ಬೇಕೇ ಬೇಕು. ಕಾದಂಬರಿಗೆ ಬೇಕಿರುವುದು ನಾಟಕ ಬಿಟ್ಟುಕೊಟ್ಟ ಆ ಕಾಲಾವಧಿ. ಮೂರನೆಯ ವರ್ಷ ಪುರುವಿನ ಮೊಣಕಾಲಿಗೆ ಔಷಧ ತರುವವರು ಯಾರು? ಹತ್ತನೆಯ ವರ್ಷ ಮಾವನೂ ಸೊಸೆಯೂ ಒಂದೇ ವಯಸ್ಸಿನವರಾಗಿ ಕಂಡರೆ ನೆರೆಯವರು ಏನೆನ್ನುತ್ತಾರೆ? ಶಾಪವೆಂದರೆ ಇಂಥ ಪ್ರಶ್ನೆ ಏಳುವುದಿಲ್ಲ. ಶಾಪದ ಜಾಗದಲ್ಲಿ ಒಂದು ಚಿಕಿತ್ಸೆ ಬಂದ ಕೂಡಲೇ ರಸೀದಿ, ಸಮ್ಮತಿಪತ್ರ, ಅಡ್ಡಪರಿಣಾಮ ಎಲ್ಲವೂ ಹಿಂದೆಯೇ ಬರುತ್ತವೆ.

ಚಿಕಿತ್ಸೆಯ ಮಾತು ಪೂರ್ತಿ ಗಾಳಿಯದೂ ಅಲ್ಲ. 2005ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳು ಎಳೆಯ ಇಲಿಯನ್ನೂ ಮುದಿ ಇಲಿಯನ್ನೂ ಹೊಲಿದು ಎರಡರ ರಕ್ತಸಂಚಾರ ಒಂದಾಗಿಸಿದಾಗ, ಮುದಿ ಇಲಿಯ ಸ್ನಾಯು ಮತ್ತು ಯಕೃತ್ತಿನ ಚೇತರಿಕೆಯ ಶಕ್ತಿ ಹೆಚ್ಚಿತು. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಹೀಗೆ ಜೋಡಿಸಿದ ಎಳೆಯ ಇಲಿಯ ಮಿದುಳಿನಲ್ಲಿ ಹೊಸ ನರಕೋಶಗಳ ಹುಟ್ಟು ಕುಗ್ಗಿತ್ತು. ಅಂದರೆ ಪುರು ಅಲ್ಲಿಯೂ ಇದ್ದಾನೆ. ಇಲಿಯಿಂದ ಮನುಷ್ಯನಿಗೆ ಹಾರುವುದು ಮಾತ್ರ ದೂರದ ಜಿಗಿತ. ಎಳೆಯರ ಪ್ಲಾಸ್ಮಾ ಮಾರುವವರ ವಿರುದ್ಧ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಕೆ ಕೊಟ್ಟು, ಸಾಬೀತಾದ ಪ್ರಯೋಜನವಿಲ್ಲ, ಅಪಾಯವಿದೆ ಎಂದಿತು. ಈ ನಡುವಿನ ಕಂದಕವೇ ಕಾದಂಬರಿಕಾರನ ಜಾಗ.

ಮೂಲ ನಾಟಕದಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಶೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ಒಳ್ಳೆಯ ಸಾಕ್ಷಿ. ಕುವೆಂಪು 1930ರಲ್ಲೇ ಅದನ್ನು ‘ಬಿರುಗಾಳಿ’ಯಾಗಿಸಿ ಕನ್ನಡದ ಮಣ್ಣಿಗೆ ತಂದಿದ್ದರು. 1956ರ ‘ಫರ್ಬಿಡನ್ ಪ್ಲಾನೆಟ್’ ಚಿತ್ರ ಅದರ ಚೌಕಟ್ಟನ್ನೇ ಬೇರೆ ಗ್ರಹಕ್ಕೆ ಸಾಗಿಸಿತು: ದ್ವೀಪದ ಮಾಂತ್ರಿಕ ವಿಜ್ಞಾನಿಯಾದ, ಅವನ ಸೇವಕ ಏರಿಯಲ್ ರೋಬಾಟ್ ಆದ. ನೋಡಲು ಸೊಗಸು. ಆದರೆ 1932ರಲ್ಲಿ ಆಲ್ಡಸ್ ಹಕ್ಸ್‌ಲಿ ಆ ನಾಟಕದಿಂದ ಮಾಂತ್ರಿಕನ ಮಗಳು ಮಿರಾಂಡಳ ಒಂದು ಉದ್ಗಾರವನ್ನಷ್ಟೇ ತೆಗೆದುಕೊಂಡು, ಅದನ್ನು ವ್ಯಂಗ್ಯವಾಗಿ ತಿರುಗಿಸಿ ‘ಬ್ರೇವ್ ನ್ಯೂ ವರ್ಲ್ಡ್’ ಬರೆದ. ಬಾಟಲಿಗಳಲ್ಲಿ ಮಕ್ಕಳನ್ನು ಬೆಳೆಸುವ ಆ ಲೋಕ ಇಂದಿಗೂ ಚುಚ್ಚುತ್ತದೆ. ಕಡಿಮೆ ತೆಗೆದುಕೊಂಡವನೇ ಹೆಚ್ಚು ಕಟ್ಟಿದ.

ಹಾಗಾದರೆ ನಮ್ಮ ಯಯಾತಿಯನ್ನು ಎಲ್ಲಿ ಇಳಿಸಬೇಕು? ಮುಂಬೈಯ ಆಂಟಾಪ್ ಹಿಲ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಒಂದು ಕಡೆ ವಡಾಲದ ಉಪ್ಪಿನಗದ್ದೆಗಳ ನೆಲ, ನಡುವೆ ಝೋಪಡಪಟ್ಟಿ, ಹೊಸ ಟವರುಗಳು, ಮೇಲೆ ಮೋನೊರೈಲಿನ ಹಳಿ; ಇವೆಲ್ಲದರ ಜೊತೆಗೆ ಕೇಂದ್ರ ಸರ್ಕಾರಿ ನೌಕರರ ದೊಡ್ಡ ಕಾಲೊನಿ. ಕೇಂದ್ರ ನೌಕರನ ನಿವೃತ್ತಿ ವಯಸ್ಸು 60. ನಿವೃತ್ತನಾದ ಕೆಲವು ತಿಂಗಳಲ್ಲಿ ಕ್ವಾರ್ಟರ್ಸು ಖಾಲಿ ಮಾಡಬೇಕು. ಮುಂಬೈಯಲ್ಲಿ ಯೌವನವೆಂದರೆ ಭೋಗವಷ್ಟೇ ಅಲ್ಲ, ತಲೆಯ ಮೇಲಿನ ಸೂರು ಕೂಡ. ಇನ್ನು ನಿವೃತ್ತಿಯನ್ನು ಜನ್ಮದಿನಾಂಕದ ಬದಲು ರಕ್ತಪರೀಕ್ಷೆ ನಿರ್ಧರಿಸುವ ಕಾಲವೊಂದನ್ನು ಊಹಿಸಿಕೊಳ್ಳಿ. ಅಲ್ಲಿನ ಕನ್ನಡಿಗ ಗುಮಾಸ್ತನೊಬ್ಬ ಮಗನ ಯೌವನವನ್ನು ಕೇಳುವುದು ಅಪ್ಸರೆಯರ ಆಸೆಗಲ್ಲ, ಮನೆ ಉಳಿಸಿಕೊಳ್ಳಲು. ಆಗ ಪುರುವಿನ ‘ಆಗಲಿ’ ಎಂಬ ಮಾತು ತ್ಯಾಗವೋ ಲೆಕ್ಕಾಚಾರವೋ ಎಂದು ಹೇಳುವುದೇ ಕಷ್ಟವಾಗುತ್ತದೆ. ಈ ಅಸ್ಪಷ್ಟತೆ ಕಾದಂಬರಿಗೆ ವರ.

ರಾಜನನ್ನು ಗುಮಾಸ್ತನಾಗಿಸಿದರೆ ದುರಂತದ ಎತ್ತರ ಕುಸಿಯುವುದಿಲ್ಲವೇ ಎಂದು ಕೇಳಬಹುದು. ಆಕ್ಷೇಪ ಹಗುರವಾದದ್ದಲ್ಲ, ಅರಸನ ಹಸಿವಿಗಿರುವ ಅತಿರೇಕ ಬಾಡಿಗೆಯ ಚಿಂತೆಗೆ ಬರುವುದಿಲ್ಲ. ಆದರೆ ಕಾರ್ನಾಡರ ನಾಟಕದ ಬಲ ಕಿರೀಟದಲ್ಲಿಲ್ಲ, ತನ್ನ ಕರ್ಮದ ಹೊಣೆಯನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವ ನಾಚಿಕೆಗೇಡಿನಲ್ಲಿದೆ. ಅದಕ್ಕೆ ಅರಮನೆಯೇ ಬೇಕೆಂದಿಲ್ಲ. ಪುರಾಣಕ್ಕೆ ವಿಜ್ಞಾನದ ಅಂಗಿ ತೊಡಿಸಿದರೆ ‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎನ್ನುವವರಿಗೆ ಮೇವು ಸಿಗುತ್ತದೆ ಎಂಬುದು ಮತ್ತೊಂದು ಭಯ. ಅದಕ್ಕೆ ಉತ್ತರ ಇದೇ ಮುಂಬೈಯಲ್ಲಿದೆ: ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಖಗೋಳವಿಜ್ಞಾನಿ ಜಯಂತ ನಾರಳೀಕರ್ ಮರಾಠಿಯಲ್ಲಿ ಬರೆದ ‘ವಾಮನ ಪರತ್ ನ ಆಲಾ’ ಕಾದಂಬರಿಯಲ್ಲಿ ವಾಮನ ಒಂದು ರೋಬಾಟ್. ಪುರಾಣದ ಹೆಸರನ್ನು ನಾರಳೀಕರ್ ಬಳಸಿದ್ದು ಹೆಮ್ಮೆಗಲ್ಲ, ಎಚ್ಚರಕ್ಕೆ. ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿಗೆ ಓದುಗರಿಲ್ಲ ಎನ್ನುವವರಿಗೆ ಅಂಥವನ್ನು ಬರೆದ ರಾಜಶೇಖರ ಭೂಸನೂರಮಠರ ಹೆಸರು ಹೇಳಿದರೆ ಸಾಕು.

ಕಾನೂನಿನ ಒಂದು ಮಾತೂ ಇದೆ. ಯಯಾತಿಯ ಕಥೆ ಎಲ್ಲರದು; ಕಾರ್ನಾಡರ ನಾಟಕ ಹಾಗಲ್ಲ. ಅವರು ತೀರಿಕೊಂಡದ್ದು 2019ರಲ್ಲಿ, ನಮ್ಮ ಕೃತಿಸ್ವಾಮ್ಯ ಕಾಯ್ದೆಯ 60 ವರ್ಷಗಳ ಲೆಕ್ಕದಂತೆ ಹಕ್ಕು 2079ರ ಕೊನೆಯವರೆಗೆ ಇರುತ್ತದೆ. ಸಂಭಾಷಣೆಯನ್ನಾಗಲಿ ದೃಶ್ಯಗಳನ್ನಾಗಲಿ ಎತ್ತುವಂತಿಲ್ಲ. ಚಿತ್ರಲೇಖೆಯ ಹೆಸರನ್ನೂ ಬಿಡುವುದು ಮರ್ಯಾದೆ. ಇದು ಕಾದಂಬರಿಗೆ ಲಾಭವೇ. ಬೇರೆ ಹೆಸರು ಹೊತ್ತ ಸೊಸೆ ಆಂಟಾಪ್ ಹಿಲ್‌ನ ಎರಡು ಕೋಣೆಗಳ ಮನೆಯಲ್ಲಿ ವಿಷ ಕುಡಿಯಲೇಬೇಕೆಂದಿಲ್ಲ. ಅವಳು ಬಾಂದ್ರಾದ ಕುಟುಂಬ ನ್ಯಾಯಾಲಯಕ್ಕೆ ಹೋಗಿ, ಗಂಡನ ಕಳೆದ ವರ್ಷಗಳಲ್ಲಿ ತನ್ನ ಪಾಲೆಷ್ಟು, ಅದನ್ನು ಮಾವನ ಸಂಬಳದಿಂದ ವಸೂಲು ಮಾಡಬಹುದೇ ಎಂದು ಅರ್ಜಿ ಹಾಕಬಹುದು. ಕಾದಂಬರಿಯ ದ್ವಿತೀಯಾರ್ಧ ಪೂರ್ತಿ ಆ ವಿಚಾರಣೆಯಾಗಬಲ್ಲದು.