ಮರದ ತಿರುಳಿನ ಆಮದು: ಎರಡು ದೇಶಗಳ ಅಂಕಿಗಳನ್ನು ಹೋಲಿಸುವ ಬಗೆ

ಪುಣೆಯಲ್ಲಿ 1940ರಲ್ಲಿ ಸ್ಥಾಪನೆಯಾದ ಹಸ್ತನಿರ್ಮಿತ ಕಾಗದ ಸಂಸ್ಥೆಯು ಹತ್ತಿಬಟ್ಟೆಯ ಚೂರುಗಳಿಂದ ಕಾಗದ ತಯಾರಿಸುವುದಕ್ಕೆ ಹೆಸರಾದುದು. ಇಂತಹ ಕಾಗದಕ್ಕೆ ಮರದ ತಿರುಳು ಬೇಕಿಲ್ಲ. ಆದರೆ ನಾವು ನಿತ್ಯ ಬಳಸುವ ಬಹುಪಾಲು ಕಾಗದವು ಗಿರಣಿಗಳಲ್ಲಿ ತಯಾರಾಗುತ್ತದೆ. ಮರದ ತಿರುಳು ಆ ಗಿರಣಿಗಳ ಮುಖ್ಯ ಕಚ್ಚಾವಸ್ತುಗಳಲ್ಲೊಂದು. ದೇಶದಲ್ಲಿ ದೊರೆಯದಷ್ಟನ್ನು ಹೊರಗಿನಿಂದ ತರಿಸಿಕೊಳ್ಳುವುದು ಅನಿವಾರ್ಯ.

ಭಾರತ ಮತ್ತು ಚೀನಾ ದೇಶಗಳ ತಿರುಳಿನ ಆಮದನ್ನು ಅಕ್ಕಪಕ್ಕದಲ್ಲಿ ಇರಿಸಿ ನೋಡುವುದು ವಾಡಿಕೆ. ಚೀನಾ ಇಂದು ಜಗತ್ತಿನಲ್ಲಿಯೇ ಅತಿ ಹೆಚ್ಚು ತಿರುಳನ್ನು ಆಮದು ಮಾಡಿಕೊಳ್ಳುವ ದೇಶ. ನಮ್ಮ ಆಮದು ಅದರ ಮುಂದೆ ಸಣ್ಣದು. ಇಷ್ಟರಿಂದಲೇ ನಾವು ಸ್ವಾವಲಂಬಿಗಳೆಂದು ತೀರ್ಮಾನಿಸುವುದು ಅವಸರವಾದೀತು.

ಮೊದಲನೆಯದಾಗಿ, ಮೌಲ್ಯವೆಂಬುದು ಪ್ರಮಾಣ ಮತ್ತು ಬೆಲೆಗಳ ಗುಣಲಬ್ಧ. ಒಂದು ವರ್ಷ ಟನ್ನಿಗೆ 500 ಡಾಲರಿನಂತೆ 100 ಟನ್ ಬಂದಿತೆನ್ನೋಣ; ಮೌಲ್ಯ 50,000 ಡಾಲರ್. ಮರುವರ್ಷ 600 ಡಾಲರಿನಂತೆ 90 ಟನ್ ಬಂದರೆ 54,000 ಡಾಲರ್. ಸರಕು ಶೇಕಡಾ 10ರಷ್ಟು ಇಳಿದರೂ ಮೌಲ್ಯ ಶೇಕಡಾ 8ರಷ್ಟು ಏರಿದಂತೆ ಕಾಣುತ್ತದೆ. ರೂಪಾಯಿಯಲ್ಲಿ ಲೆಕ್ಕ ಹಿಡಿದರೆ ವಿನಿಮಯ ದರವೂ ಇದರೊಡನೆ ಸೇರಿಕೊಳ್ಳುತ್ತದೆ. 1991ರ ಜುಲೈನಲ್ಲಿ ಎರಡು ಹಂತಗಳಲ್ಲಿ ರೂಪಾಯಿಯ ಅಪಮೌಲ್ಯವಾದ ಬಳಿಕ, ಅಷ್ಟೇ ಡಾಲರಿನ ಸರಕು ನಮ್ಮ ಪುಸ್ತಕಗಳಲ್ಲಿ ದುಬಾರಿಯಾಗಿ ದಾಖಲಾಯಿತು. ನಮ್ಮ ಆರ್ಥಿಕ ವರ್ಷವು ಏಪ್ರಿಲ್‌ನಿಂದ, ಚೀನಾದ ವರ್ಷವು ಜನವರಿಯಿಂದ ಆರಂಭವಾಗುವುದನ್ನೂ ಮರೆಯಬಾರದು.

ವರ್ಗೀಕರಣದ ತೊಡಕು ಇದಕ್ಕಿಂತ ದೊಡ್ಡದು. ಅಂತರರಾಷ್ಟ್ರೀಯ ಸುಂಕ ವರ್ಗೀಕರಣದ 47ನೆಯ ಅಧ್ಯಾಯದಲ್ಲಿ ಮರದ ತಿರುಳಿನೊಡನೆ ರದ್ದಿ ಕಾಗದವೂ ಇದೆ. 4703 ಎಂಬ ಶೀರ್ಷಿಕೆಯು ಕಾಗದಕ್ಕೆ ಬಳಸುವ ರಾಸಾಯನಿಕ ತಿರುಳಿನ ಪ್ರಮುಖ ಬಗೆಯದು, 4702 ರೇಯಾನ್ ನೂಲಿನಂತಹವುಗಳಿಗೆ ಬೇಕಾದ ಕರಗುವ ತಿರುಳಿನದು, 4707 ರದ್ದಿಯದು. ಹರಿಹರದ ಸಮೀಪದ ಕುಮಾರಪಟ್ಟಣದ ಕಾರ್ಖಾನೆಯು ನೀಲಗಿರಿ ಮರದಿಂದ ತಯಾರಿಸುವುದು ರೇಯಾನಿನ ಬಗೆಯ ತಿರುಳನ್ನೇ. ಅದು ಬಟ್ಟೆಯ ಲೆಕ್ಕಕ್ಕೆ ಸೇರಬೇಕಾದುದು, ಪುಸ್ತಕದ ಲೆಕ್ಕಕ್ಕಲ್ಲ. ಚೀನಾ 2017ರ ಕೊನೆಗೆ ವಿಂಗಡಿಸದ ರದ್ದಿ ಕಾಗದದ ಆಮದನ್ನು ನಿಲ್ಲಿಸಿತು. 2021ರ ಜನವರಿ 1ರಿಂದ ಎಲ್ಲ ಘನತ್ಯಾಜ್ಯದ ಆಮದನ್ನೂ ನಿಷೇಧಿಸಿತು. ಹಿಂದೆ ರದ್ದಿಯಾಗಿ ಬರುತ್ತಿದ್ದ ನಾರು ಅನಂತರ ಭಾಗಶಃ ತಿರುಳಿನ ರೂಪದಲ್ಲಿ ಬರತೊಡಗಿತು. ಭಾರತವಾದರೋ ಇಂದಿಗೂ ರದ್ದಿಯನ್ನು ದೊಡ್ಡ ಪ್ರಮಾಣದಲ್ಲಿ ತರಿಸಿಕೊಳ್ಳುತ್ತಿದೆ. ಮರದ ತಿರುಳಿನ ಸಾಲನ್ನು ಮಾತ್ರ ಓದುವವರಿಗೆ ಈ ಅವಲಂಬನೆ ಕಾಣಿಸದು.

ಸಿದ್ಧ ಕಾಗದದ ಆಮದನ್ನು 48ನೆಯ ಅಧ್ಯಾಯದಲ್ಲಿ ನಮೂದಿಸಲಾಗುತ್ತದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯು 1980ರ ದಶಕದಿಂದ ಪತ್ರಿಕಾ ಕಾಗದವನ್ನು ತಯಾರಿಸುತ್ತಿತ್ತು. 2015ರ ಸುಮಾರಿಗೆ ಉತ್ಪಾದನೆ ನಿಂತಿತು. ಇಂತಹ ಗಿರಣಿಯೊಂದು ಮುಚ್ಚಿದಾಗ ದೇಶಕ್ಕೆ ಬೇಕಾಗುವ ತಿರುಳು ಕಡಿಮೆಯಾಗುತ್ತದೆ, ಅದರ ಬದಲಿಗೆ ಸಿದ್ಧ ಕಾಗದ ಹಡಗೇರಿ ಬರಬಹುದು. ತಿರುಳಿನ ಆಮದು ಇಳಿದುದನ್ನು ಸಾಧನೆಯೆಂದು ಬಗೆಯುವ ಮುನ್ನ ಈ ಅಧ್ಯಾಯವನ್ನೂ ತೆರೆದು ನೋಡುವುದು ಒಳಿತು.

ಇಳಿಕೆಗೆ ಮೆಚ್ಚತಕ್ಕ ಕಾರಣವೂ ಇರಬಹುದು. 1988ರ ರಾಷ್ಟ್ರೀಯ ಅರಣ್ಯ ನೀತಿಯು ಕೈಗಾರಿಕೆಗಳು ತಮಗೆ ಬೇಕಾದ ಮರವನ್ನು ರೈತರ ಸಹಯೋಗದಿಂದ ಬೆಳೆಸಿಕೊಳ್ಳಬೇಕೆಂದು ಸೂಚಿಸಿತು. ಸುಬಾಬುಲ್, ಸರ್ವೆ, ನೀಲಗಿರಿ ಮರಗಳು ಹೊಲಗಳಿಂದ ಗಿರಣಿಗಳಿಗೆ ಸಾಗುವುದು ಈ ದಾರಿಯಲ್ಲಿಯೇ. ವಿದೇಶದ ತಿರುಳು ಅಗ್ಗವಾದ ವರ್ಷಗಳಲ್ಲಿ ಗಿರಣಿಗಳು ಅತ್ತ ವಾಲಿದರೆ, ನಾಲ್ಕೈದು ವರ್ಷ ಕಾದು ಮರ ಬೆಳೆಸಿದ ರೈತನಿಗೆ ಬೆಲೆ ದೊರೆಯುವುದು ಕಷ್ಟ.