ಕಾಡುದಂಶಕಗಳ ಒಳಾಂಗಗಳು: ನೆಲೆ ಮತ್ತು ಆಹಾರದ ಪ್ರಭಾವ

ದಂಶಕಗಳ ವರ್ಗೀಕರಣವು ಬಹುಮಟ್ಟಿಗೆ ಹಲ್ಲು ಮತ್ತು ತಲೆಬುರುಡೆಗಳನ್ನು ಆಧರಿಸಿದೆ. ಆದರೆ ಪ್ರಾಣಿಯು ಎಲ್ಲಿ ಬಾಳುತ್ತದೆ, ಏನನ್ನು ತಿನ್ನುತ್ತದೆ ಎಂಬುದರ ಗುರುತು ಅದರ ಮೃದು ಅಂಗಗಳಲ್ಲಿಯೂ ಮೂಡಿರುತ್ತದೆ. ಇದಕ್ಕೆ ಮೂತ್ರಪಿಂಡಕ್ಕಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ.

ಮೂತ್ರಪಿಂಡದ ಒಳಭಾಗವಾದ ಮೆಡುಲ್ಲಾದೊಳಕ್ಕೆ ಇಳಿದು ಮರಳಿ ಮೇಲೇರುವ ಹೆನ್ಲೆ ಕುಣಿಕೆಗಳು ಆಳಕ್ಕೆ ಹೋದಂತೆ ಅಂಗಾಂಶದ ಲವಣಸಾಂದ್ರತೆಯನ್ನು ಹೆಚ್ಚಿಸುತ್ತವೆ. ಅದರ ನಡುವೆ ಹಾದುಹೋಗುವ ಸಂಗ್ರಾಹಕ ನಾಳಗಳಿಂದ ನೀರು ಹೊರಗೆ ಸೆಳೆಯಲ್ಪಟ್ಟು ಮೂತ್ರವು ಗಾಢವಾಗುತ್ತದೆ. ಒಣನೆಲದ ಸ್ತನಿಗಳಲ್ಲಿ ಮೆಡುಲ್ಲಾ ದಪ್ಪವಾಗಿಯೂ ಜಲವಾಸಿಗಳಲ್ಲಿ ತೆಳುವಾಗಿಯೂ ಇರುವುದನ್ನು ಸ್ವೀಡನ್ನಿನ ಐವಾರ್ ಸ್ಪೆರ್ಬರ್ 1944ರಲ್ಲಿಯೇ ನಿರೂಪಿಸಿದರು. ನೀರಿನಲ್ಲಿ ಬಾಳುವ ಬೀವರ್‌ನ ಕುಣಿಕೆಗಳೆಲ್ಲವೂ ಗಿಡ್ಡ. ಅದರ ಮೂತ್ರದ ಸಾಂದ್ರತೆ ಲೀಟರಿಗೆ ಸುಮಾರು 600 ಮಿಲಿಆಸ್ಮೋಲ್‌ಗಳ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಮನುಷ್ಯನಲ್ಲಿ ಇದು 1,200ರಿಂದ 1,400. ಅಮೆರಿಕದ ಮರುಭೂಮಿಯ ಕಾಂಗರೂ ಇಲಿಯಲ್ಲಿ ಸುಮಾರು 5,500. ಆಸ್ಟ್ರೇಲಿಯದ ಕುಪ್ಪಳಿಸುವ ಇಲಿಯಲ್ಲಿ 9,000ಕ್ಕೂ ಮಿಗಿಲು. ಬೀವರ್ ಮತ್ತು ಕಾಂಗರೂ ಇಲಿ ಒಂದೇ ಗಣಕ್ಕೆ ಸೇರಿದವು ಎಂಬುದನ್ನು ಮರೆಯಲಾಗದು. ಕಾಂಗರೂ ಇಲಿಯು ನೀರನ್ನೇ ಕುಡಿಯದೆ ಒಣಬೀಜಗಳ ಮೇಲೆ ಬದುಕಬಲ್ಲದು. 100 ಗ್ರಾಂ ಬಾರ್ಲಿ ದೇಹದಲ್ಲಿ ಉತ್ಕರ್ಷಣಗೊಂಡಾಗ 50 ಗ್ರಾಂಗೂ ತುಸು ಹೆಚ್ಚು ನೀರು ಹುಟ್ಟುತ್ತದೆ. ಆ ಅಲ್ಪ ಗಳಿಕೆಯನ್ನು ಕಾಯುವುದೇ ಮೂತ್ರಪಿಂಡದ ಕೆಲಸ.

ಪಚನಾಂಗಗಳ ಮೇಲೆ ಆಹಾರದ ಒತ್ತಡ ಇನ್ನೂ ನೇರ. ಹುಲ್ಲು ತಿನ್ನುವ ವೋಲ್‌ಗಳಲ್ಲಿ ನಾರನ್ನು ಹುದುಗಿಸುವ ಅಂಧಾಂತ್ರ ದೊಡ್ಡದು. ಕೀಟಾಹಾರಿಯಾದ ಮಿಡತೆ ಇಲಿಯಲ್ಲಿ ಅದು ಚಿಕ್ಕದು.

ಆಹಾರ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಾದ ಮರಳಿಲಿಯ ಪ್ರಕರಣ ಕಣ್ತೆರೆಸುವಂಥದು. ಅದು ತಿನ್ನುವುದು ನೀರೂ ಉಪ್ಪೂ ತುಂಬಿದ, ಶಕ್ತಿಮೌಲ್ಯ ಕಡಿಮೆಯಿರುವ ಎಲೆಗಳನ್ನು. ಪ್ರಯೋಗಾಲಯದ ಸಾಮಾನ್ಯ ಇಲಿಗಳು ಆರೋಗ್ಯವಾಗಿ ತಿಂದುಕೊಂಡಿರುವ ಸಿದ್ಧ ಆಹಾರವನ್ನು ಕೊಟ್ಟಾಗ ಮರಳಿಲಿಗಳಲ್ಲಿ ಮಧುಮೇಹ ಕಾಣಿಸಿಕೊಂಡಿತು. 1964ರಲ್ಲಿ ಪ್ರಕಟವಾದ ಈ ವರದಿಯ ಬಳಿಕ ಆ ಪ್ರಾಣಿ ಮಧುಮೇಹ ಸಂಶೋಧನೆಯ ಮಾದರಿಯೇ ಆಯಿತು. ಕೊರತೆಯ ಆಹಾರಕ್ಕೆ ಒಗ್ಗಿದ ಶರೀರಕ್ಕೆ ಸಮೃದ್ಧಿಯೇ ರೋಗಕಾರಣವಾದದ್ದು ಇಲ್ಲಿನ ವಿಪರ್ಯಾಸ.

ಆದರೆ ಅಂಗದ ಗಾತ್ರವೆಲ್ಲವೂ ವಂಶಾಗತವಲ್ಲ. ಚಳಿ ಹೆಚ್ಚಿದಾಗ, ಆಹಾರದಲ್ಲಿ ನಾರು ಹೆಚ್ಚಿದಾಗ ಅದೇ ವೋಲ್‌ನ ಕರುಳು ಕೆಲವೇ ವಾರಗಳಲ್ಲಿ ಬೆಳೆಯುತ್ತದೆ. ಆದುದರಿಂದ ಹಿಡಿದ ಋತುವನ್ನು ನಮೂದಿಸದ ಅಳತೆಯಿಂದ ಎರಡು ಪ್ರಭೇದಗಳನ್ನು ಹೋಲಿಸುವುದು ಸಾಧುವಲ್ಲ.

ಭಾರತದ ಮಟ್ಟಿಗೆ ತೊಡಕು ಇನ್ನೂ ಮೂಲಭೂತವಾದುದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1911ರಲ್ಲಿ ಆರಂಭಿಸಿದ ಸ್ತನಿಗಳ ಸಮೀಕ್ಷೆ ಧಾರವಾಡ, ಕೊಡಗು ಸೀಮೆಗಳಲ್ಲಿಯೂ ನಡೆಯಿತು. ಅಂದಿನ ರೂಢಿಯಂತೆ ಸಂಗ್ರಹಕ್ಕೆ ಸೇರಿದ್ದು ಮುಖ್ಯವಾಗಿ ತೊಗಲು ಮತ್ತು ತಲೆಬುರುಡೆ. ಅಂಥ ಮಾದರಿಗಳಿಂದ ಬಯಲುಸೀಮೆಯ ಇಲಿಯ ಮೂತ್ರಪಿಂಡವನ್ನು ಮಲೆನಾಡಿನದರೊಡನೆ ಹೋಲಿಸಲು ಬಾರದು. ಅದಕ್ಕೆ ಒಳಾಂಗಗಳನ್ನು ಸಂರಕ್ಷಕ ದ್ರಾವಣದಲ್ಲಿರಿಸಿ, ಹಿಡಿದ ಸ್ಥಳ ಮತ್ತು ತಿಂಗಳನ್ನು ಬರೆದಿಟ್ಟ ಹೊಸ ಸಂಗ್ರಹವೇ ಬೇಕು.