ನಿಂತ ಎಂಜಿನ್ನಿಗೂ ಆರೈಕೆ ಬೇಕು

ಮಗ ಪಿಯುಸಿ ಮುಗಿಸಿ ಕಾಲೇಜಿಗೆ ಸೇರುವ ಹೊತ್ತಿಗೆ ಕೆಲವು ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. ‘ಅಪ್ಪಾ, ಶೆಡ್ಡಲ್ಲಿರೋ ಯೆಜ್ಡಿ ಸುಮ್ನೆ ನಿಂತಿದೆಯಲ್ಲ, ನಂಗೆ ಕೊಡಿ.’ ಅಪ್ಪ ಟಾರ್ಪಾಲು ಸರಿಸಿ, ದೂಳು ಒರೆಸಿ, ಹತ್ತು ಸಲ ಕಿಕ್ ಹೊಡೆಯುತ್ತಾರೆ. ಎಂಜಿನ್ ಕೆಮ್ಮುವುದೂ ಇಲ್ಲ. ‘ಚೆನ್ನಾಗೇ ಓಡ್ತಿತ್ತು, ನಿಲ್ಲಿಸಿದ್ದು ಬಿಟ್ರೆ ನಾನೇನೂ ಮಾಡಿಲ್ಲ’ ಎಂಬುದು ಅವರ ಅಳಲು. ತೊಂದರೆ ಇರುವುದೂ ಆ ನಿಲ್ಲಿಸಿದ್ದರಲ್ಲೇ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಬೈಕ್ ತಯಾರಿಕೆ ಶುರುವಾದದ್ದು 1961ರಲ್ಲಿ. ಮೊದಲು ಜಾವಾ, ಎಪ್ಪತ್ತರ ದಶಕದಿಂದ ಯೆಜ್ಡಿ ಎಂಬ ಹೆಸರು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಆದ್ದರಿಂದ ಇವತ್ತು ಮನೆಯಲ್ಲಿರುವ ಹಳೆಯ ಯೆಜ್ಡಿ ಎಷ್ಟೇ ಕಿರಿಯದಾದರೂ ನಿಮ್ಮ ಮಗನಿಗಿಂತ ಹಿರಿಯದು. (ಈಚೆಗೆ ಅದೇ ಹೆಸರಿನಲ್ಲಿ ಬಂದಿರುವ ಬೈಕುಗಳು ಫೋರ್ ಸ್ಟ್ರೋಕ್, ಅವುಗಳ ಮಾತು ಬೇರೆ.) ಹಳೆಯದು ಟೂ ಸ್ಟ್ರೋಕ್. ಪಿಸ್ಟನ್ನಿಗೂ ಕ್ರ್ಯಾಂಕಿನ ಬೇರಿಂಗುಗಳಿಗೂ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಗತಿ. ಗಾಡಿ ನಿಂತ ಮೇಲೆ ಉಳಿಯುವುದು ಲೋಹಕ್ಕೆ ಅಂಟಿದ ತೆಳುವಾದ ಎಣ್ಣೆಪೊರೆ ಮಾತ್ರ. ತಿಂಗಳುಗಳು ಕಳೆದಂತೆ ಅದೂ ಇಳಿದುಹೋಗುತ್ತದೆ. ಮಳೆಗಾಲದ ತೇವ ಸೇರಿದರೆ ತುಕ್ಕು ಹಿಡಿಯಲು ಇನ್ನೇನು ಬೇಕು?

‘ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿಡ್ತೀನಿ’ ಎನ್ನುವವರು ಬಹಳ ಜನ. ಒಳ್ಳೆಯ ಉದ್ದೇಶದ ಕೆಟ್ಟ ಅಭ್ಯಾಸ ಇದು. ರಸಾಯನಶಾಸ್ತ್ರ ಓದುತ್ತಿರುವ ಮಕ್ಕಳು ಲೆಕ್ಕ ಹಾಕಿ ನೋಡಲಿ. ಪೆಟ್ರೋಲನ್ನು ಆಕ್ಟೇನ್ ಎಂದು ಭಾವಿಸಿದರೆ, 114 ಗ್ರಾಂ ಸುಟ್ಟಾಗ 162 ಗ್ರಾಂ ನೀರು ಹುಟ್ಟುತ್ತದೆ. ಅಂದರೆ ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು! ಎಂಜಿನ್ನೂ ಸೈಲೆನ್ಸರೂ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಹೊರಹೋಗುತ್ತದೆ. ಎರಡೇ ನಿಮಿಷಕ್ಕೆ ನಿಲ್ಲಿಸಿದರೆ ಒಳಗೇ ತಣಿದು ನೀರಾಗಿ ಕೂರುತ್ತದೆ. ಓಡಿಸುವುದಾದರೆ ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಬೇಕು, ಇಲ್ಲದಿದ್ದರೆ ಮುಟ್ಟಲೇಬಾರದು.

ಪೆಟ್ರೋಲೂ ಬದಲಾಗಿದೆ. 2023ರಿಂದ ಹಂತಹಂತವಾಗಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂಕುಗಳಿಗೆ ಬಂದಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಕೂಡಿ ಟ್ಯಾಂಕಿನ ತಳಕ್ಕಿಳಿದು ಬೇರೆ ಪದರವಾಗುತ್ತವೆ. ಹಳೆಯ ರಬ್ಬರ್ ಪೈಪು, ವಾಷರುಗಳಿಗೂ ಅದು ಒಗ್ಗುವುದಿಲ್ಲ.

ಮಗ ಹಾಸ್ಟೆಲ್ಲಿಗೆ ಹೊರಟಿದ್ದಾನೆ, ಗಾಡಿ ವರ್ಷವಿಡೀ ನಿಲ್ಲಲಿದೆ ಎನ್ನಿ. ಕೊನೆಯ ಸಲ ಚೆನ್ನಾಗಿ ಬಿಸಿಯಾಗುವಂತೆ ಓಡಿಸಿ ತನ್ನಿ. ಬಿಸಿಯಿರುವಾಗಲೇ ಗೇರ್‌ಬಾಕ್ಸಿನ ಹಳೆಯ ಎಣ್ಣೆ ಇಳಿಸಿ ಹೊಸದು ತುಂಬಿ. ಎಂಜಿನ್ ತಣಿದ ಮೇಲೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಖಾಲಿ ಮಾಡಿ, ಟ್ಯಾಂಕಿನೊಳಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಎಲ್ಲ ಬದಿಗೂ ಹರಿಯುವಂತೆ ಅಲ್ಲಾಡಿಸಿ. ಪ್ಲಗ್ ಬಿಚ್ಚಿ, ಆ ರಂಧ್ರದಿಂದ ಎರಡು ಚಮಚೆ ಎಣ್ಣೆ ಬಿಟ್ಟು, ಸ್ವಿಚ್ ಆಫ್ ಇಟ್ಟು ನಿಧಾನವಾಗಿ ನಾಲ್ಕಾರು ಕಿಕ್ ಒತ್ತಿ. ರಂಧ್ರದ ಮೇಲೆ ಬಟ್ಟೆಯಿರಲಿ, ಇಲ್ಲದಿದ್ದರೆ ಎಣ್ಣೆ ಚಿಮ್ಮುತ್ತದೆ. ಪ್ಲಗ್ ಮತ್ತೆ ಕೂರಿಸಿ, ಸೈಲೆನ್ಸರುಗಳ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಏರ್ ಫಿಲ್ಟರಿನ ದಾರಿಯನ್ನೂ ಮುಚ್ಚಿ. ಇಲಿಗಳಿಗೆ ಅಲ್ಲಿ ಗೂಡು ಕಟ್ಟುವುದೆಂದರೆ ಬಲು ಪ್ರೀತಿ. ಬ್ಯಾಟರಿ ಕಳಚಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಹೊದಿಕೆ ಹತ್ತಿಬಟ್ಟೆಯದಾಗಿರಲಿ; ಟಾರ್ಪಾಲು ತೇವವನ್ನು ಒಳಗೇ ಕೂಡಿಹಾಕುತ್ತದೆ.

ಮತ್ತೆ ಎಬ್ಬಿಸುವಾಗ ಆತುರ ಬೇಡ. ಕಿಕ್ ಅಲ್ಲಾಡದಿದ್ದರೆ ಅದರ ಮೇಲೆ ಹತ್ತಿ ನಿಲ್ಲಬೇಡಿ. ಪ್ಲಗ್ ರಂಧ್ರದಿಂದ ಡೀಸೆಲ್ ಮತ್ತು ಎಣ್ಣೆ ಬೆರೆಸಿ ಬಿಟ್ಟು ನಾಲ್ಕು ದಿನ ನೆನೆಯಲು ಬಿಡಿ. ಆಮೇಲೆ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಆಗಲೂ ಬಿಡದಿದ್ದರೆ ಹಳೆಯ ಮೆಕ್ಯಾನಿಕ್ಕನ್ನು ಕರೆಯುವುದೇ ಸರಿ.

ಇನ್ನೊಂದು ವಿಷಯವನ್ನು ಮಗನಿಗೆ ಬಾಯಿಬಿಟ್ಟು ಹೇಳಲೇಬೇಕು. ನಾನು ಕಾಲೇಜಿನಲ್ಲಿದ್ದಾಗ ಸೋದರಮಾವನ ಯೆಜ್ಡಿ ಕೇಳಿ ತಂದು, ಬರಿಯ ಪೆಟ್ರೋಲು ತುಂಬಿಸಿಕೊಂಡು ಹುಣಸೂರಿನ ಕಡೆ ಹೊರಟಿದ್ದೆ. ಒಂದಷ್ಟು ದೂರ ಹೋಗುವಷ್ಟರಲ್ಲಿ ಎಂಜಿನ್ ಕಿರ್ರೆಂದು ಕಚ್ಚಿಕೊಂಡಿತು, ಹಿಂದಿನ ಚಕ್ರ ನಿಂತೇಹೋಯಿತು. ಹೆದರಿ ಕ್ಲಚ್ ಹಿಡಿದದ್ದರಿಂದ ಚಕ್ರ ಬಿಟ್ಟುಕೊಂಡಿತು; ಹಿಂದೆ ಬಸ್ಸು ಇರಲಿಲ್ಲವೆಂಬುದು ನನ್ನ ಪುಣ್ಯ. ಮಾವ ಕೇಳಿದ್ದು ಒಂದೇ ಮಾತು: ‘ಆಯಿಲ್ ಹಾಕಿಸಿದ್ಯೇನೋ?’ ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಹಾಕಿಸುವವರೆಗೂ ಅವರೊಡನೆ ಮುಖ ಕೊಟ್ಟು ಮಾತನಾಡಲಾಗಲಿಲ್ಲ. ಇಂದಿನ ಹುಡುಗರು ಕಂಡಿರುವುದು ಬಹುಪಾಲು ಫೋರ್ ಸ್ಟ್ರೋಕ್ ಗಾಡಿಗಳನ್ನೇ. ಪೆಟ್ರೋಲಿಗೆ ಟೂ ಟಿ ಆಯಿಲ್ ಬೆರೆಸಬೇಕೆಂಬುದು ಅವರಿಗೆ ತಾನಾಗಿ ತಿಳಿಯುವುದಿಲ್ಲ. ಎಣ್ಣೆಯ ಅಳತೆ ಮತ್ತು ಬಾಟಲಿ ಗಾಡಿಯಲ್ಲೇ ಇರಲಿ.

ಆರ್‌ಸಿಯನ್ನೂ ತೆಗೆದು ನೋಡಿ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಮಗನಿಗೆ ಹದಿನೆಂಟು ತುಂಬಿ ಲೈಸೆನ್ಸ್ ಬರುವವರೆಗೆ ಕೀ ನಿಮ್ಮ ಜೇಬಿನಲ್ಲೇ ಇರಲಿ.

ಎಂಜಿನ್ ಹೊತ್ತಿಕೊಂಡಾಗ ಬೀದಿ ತುಂಬ ಬಿಳಿ ಹೊಗೆ ಬರುತ್ತದೆ. ಅದು ಸಿಲಿಂಡರಿಗೆ ಬಿಟ್ಟಿದ್ದ ಎಣ್ಣೆ ಸುಡುವ ಹೊಗೆ. ಗಾಬರಿ ಬೇಡ, ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ. ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಮಾತ್ರ ಸ್ಟಾರ್ಟ್ ಮಾಡಬೇಡಿ, ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ವಿಷ ಇರುತ್ತದೆ. ಗಾಡಿಯನ್ನು ಅಂಗಳಕ್ಕೆ ತಳ್ಳಿಕೊಂಡು ಬನ್ನಿ. ಅದಕ್ಕೆ ಮೊದಲು ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳನ್ನು ತೆಗೆಯುವಂತೆ ಮನೆಯವರಿಗೆ ಹೇಳಿ.